ತೇಲುಗುಂಡು ಮುಳುಗಿದ ದಿನ

ನಮ್ಮ ಬಂದರು ಬೀದಿಯ ಗಂಡಸರಿಗೆ ಸಾವಿಗಿಂತ ಹೆಚ್ಚು ಭಯ ಅಡ್ಡಹೆಸರಿನದು. ಇಪ್ಪತ್ತೆಂಟು ವರ್ಷದ ಹಿಂದೆ ನನ್ನ ಗೆಳೆಯನೊಬ್ಬ ದೊಡ್ಡ ಹ್ಯಾಲಿಬಟ್ ಮೀನು ಎಳೆಯುವಾಗ ಗಾಳದ ಹಗ್ಗವನ್ನೇ ಕೈಬಿಟ್ಟು ಬಂದ. ಮೀನೂ ಹೋಯಿತು, ಹಗ್ಗವೂ ಹೋಯಿತು. ಅವತ್ತು ಸಂಜೆಯಿಂದ ಅವನು ಹಗ್ಗಬಿಟ್ಟಪ್ಪ. ಅವನ ಮನೆ ಹಗ್ಗಬಿಟ್ಟಪ್ಪನ ಮನೆ. ಅಂಚೆಯವನು ಕೂಡ ಹಾಗೇ ಕೇಳಿಕೊಂಡು ಬರುತ್ತಿದ್ದ. ಆ ಹೆಸರಿಟ್ಟವನು ನಾನೇ, ಸುಳ್ಳು ಯಾಕೆ ಹೇಳಲಿ.

ಆಮೇಲೆ ನಮ್ಮಲ್ಲಿ ಒಬ್ಬನೂ ಹಗ್ಗ ಬಿಡಲಿಲ್ಲ. ಹಗ್ಗದ ತುದಿಯನ್ನು ದೋಣಿಯ ಹಿಂದಿನ ಗೂಟಕ್ಕೆ ಮೂರು ಸುತ್ತು ಸುತ್ತಿ ಬಿಗಿದುಬಿಡುವುದು. ಮೀನು ಎಳೆದರೆ ದೋಣಿಯನ್ನೇ ಎಳೆಯಲಿ ಎಂಬ ಧಿಮಾಕು. ಎರಡು ದೋಣಿ ಹಿಂತಿರುಗಲಿಲ್ಲ. ಗಾಳಿಗೆ ಮಗುಚಿತು ಅಂದೆವು, ಅಲೆ ಜಾಸ್ತಿ ಇತ್ತು ಅಂದೆವು. ಗೂಟದ ಮಾತು ಯಾರೂ ಎತ್ತಲಿಲ್ಲ.

ಹ್ಯಾಲಿಬಟ್ ನೋಡದವರಿಗೆ ಒಂದು ಮಾತು. ಅದು ಚಪ್ಪಟೆ ಮೀನು. ಸಮುದ್ರದ ತಳದಲ್ಲಿ ಮರಳಿಗೆ ಅಂಟಿಕೊಂಡು ಮಲಗಿರುತ್ತದೆ. ಮರಿಯಾಗಿದ್ದಾಗ ಮುಖದ ಎರಡು ಕಡೆ ಇರುವ ಕಣ್ಣು, ಬೆಳೆಯುತ್ತಾ ಒಂದೇ ಪಕ್ಕಕ್ಕೆ ಸರಿದು ಬರುತ್ತದಂತೆ. ಇದನ್ನು ನನಗೆ ಹೇಳಿದವಳು ಸೊಸೆ. ಐವತ್ತು ವರ್ಷ ಆ ಮೀನು ಹಿಡಿದ ನನಗೆ ಗೊತ್ತಿರಲಿಲ್ಲ. ಚಿಕ್ಕದು ಊಟದ ತಟ್ಟೆಯಷ್ಟಿರುತ್ತದೆ. ದೊಡ್ಡದರ ವಿಷಯಕ್ಕೇ ಬರುತ್ತಿದ್ದೇನೆ, ತಡೆಯಿರಿ.

ಸೊಸೆಗೆ ಬಂದರಿನ ವೈರ್‌ಲೆಸ್ ಕೋಣೆಯಲ್ಲಿ ಕೆಲಸ. ಕಿಟಕಿಯಿಲ್ಲದ ಕೋಣೆ; ಒಂದು ಮೇಜು, ಎರಡು ಪೆಟ್ಟಿಗೆ, ಗೋಡೆ ತುಂಬ ನಕ್ಷೆ. ಅಲ್ಲಿ ಸಮುದ್ರ ಕಾಣುವುದಿಲ್ಲ, ಕೇಳಿಸುತ್ತದೆ. ನನ್ನ ಜೊತೆ ದೋಣಿಗೆ ಬರುತ್ತಿದ್ದ ಭಾವಮೈದ ಸೊಂಟ ಹಿಡಿದು ಮಲಗಿದಾಗ, ಅವಳು ರಜೆ ಹಾಕಿ ತಾನು ಬರುತ್ತೇನೆ ಅಂದಳು. ಮಗನ ಮಾತು ಬಿಡಿ. ಅವನಿಗೆ ಸಮುದ್ರ ಅಂದರೆ ವಾಂತಿ, ಐಸ್ ಗಾಡಿ ಓಡಿಸುತ್ತಾನೆ.

ಬೆಳಗ್ಗೆ ಕಟ್ಟೆಯ ಮೇಲೆ ನೋಡುತ್ತೇನೆ, ಸೊಸೆ ಕಿತ್ತಳೆ ಬಣ್ಣದ ದೊಡ್ಡ ಗುಂಡೊಂದನ್ನು ತಬ್ಬಿಕೊಂಡು ಬರುತ್ತಿದ್ದಾಳೆ.

"ಏನಮ್ಮಾ ಇದು, ದೋಣಿಗೆ ಬಲೂನ್ ಕಟ್ಟಿ ಹಾರಿಸ್ತೀಯಾ?"

"ತೇಲುಗುಂಡು ಮಾವ. ಹಗ್ಗದ ತುದಿ ಇದಕ್ಕೆ ಕಟ್ಟೋದು. ದೋಣಿಗಲ್ಲ."

"ಮೀನು ಜೋರಾಗಿ ಎಳೆದ್ರೆ?"

"ಗುಂಡನ್ನ ನೀರಿಗೆ ಬಿಡೋದು. ಮೀನು ಅದನ್ನ ಎಳ್ಕೊಂಡು ತಿರುಗಿ ತಿರುಗಿ ಸುಸ್ತಾಗುತ್ತೆ. ನಾವು ಹಿಂದಿಂದ ಹೋಗಿ ಹಿಡ್ಕೊಳ್ಳೋದು."

"ನಾನು ಮೀನುಗಾರ ಕಣಮ್ಮಾ. ಮೀನಿನ ಹಿಂದೆ ಸುತ್ತೋ ಪೋಲಿ ಅಲ್ಲ."

ಅವಳು ನಗಲಿಲ್ಲ. "ಮಾವ, ಹೋದ ವರ್ಷ ಒಬ್ರು ವೈರ್‌ಲೆಸ್‌ನಲ್ಲಿ ಕರೆದ್ರು. 'ದೊಡ್ಡದು ಸಿಕ್ಕಿದೆ ಕಣಮ್ಮಾ, ದೋಣೀನೇ ಎಳೀತಿದೆ' ಅಂತ ನಗ್ತಾ ಹೇಳಿದ್ರು. ನಾನೂ ನಕ್ಕೆ. ಆಮೇಲೆ ಅವರ ದನಿ ಬರಲೇ ಇಲ್ಲ. ಆ ನಗು ಇನ್ನೂ ನನ್ನ ಕಿವೀಲಿದೆ."

ನಾನು ಗಂಟಲೇರಿಸಿ, "ಹೆಂಗಸರಿಗೆ ಎಲ್ಲದಕ್ಕೂ ಭಯ!" ಅಂದೆ.

ಬುತ್ತಿ ಹಿಡಿದು ನಿಂತಿದ್ದ ನನ್ನ ಹೆಂಡತಿ ಅಂದಳು: "ಭಯ ಇರೋಳು ದೋಣಿ ಹತ್ತುತಾ ಇದ್ದಾಳೆ, ಕಣ್ಣು ಕಾಣಲ್ವಾ? ಲೈಫ್ ಜಾಕೆಟ್ ಹಾಕ್ಕೊಳ್ರೀ. ಇಲ್ಲಾಂದ್ರೆ ಬುತ್ತಿ ಇಲ್ಲ."

ಬುತ್ತಿಗಾಗಿ ಹಾಕಿಕೊಂಡೆ.

ಹೊರಡುವ ಮುಂಚೆ ಸೊಸೆ ಮಾಡಿದ ಕೆಲಸಗಳು ನೋಡಿ ನನಗೆ ತಮಾಷೆ. ಹವಾಮಾನ ಕೇಳಿದಳು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ವಾಪಸು ಎಂದು ವೈರ್‌ಲೆಸ್ ಕೋಣೆಗೆ ತಿಳಿಸಿದಳು. "ಮೀನಿಗೂ ಒಂದು ಮಾತು ತಿಳಿಸ್ಬಿಡು," ಅಂದೆ. ದೋಣಿಯ ಎರಡೂ ಬದಿಗೆ ಒಂದೊಂದು ಹರಿತ ಚಾಕುವನ್ನು ದಾರದಲ್ಲಿ ಕಟ್ಟಿ, ಒರೆಗೆ ಸಿಕ್ಕಿಸಿದಳು. "ತರಕಾರಿ ಹೆಚ್ಚೋಕಾ?" ಅಂದೆ.

ನೆಲ ಕಣ್ಣಿಗೆ ನೀಲಿ ಗೆರೆಯಾಗುವಷ್ಟು ದೂರ ಹೋದೆವು. ಅರವತ್ತು ಮಾರು ಆಳ. ಸೊಸೆ ಹಗ್ಗಕ್ಕೆ ತೇಲುಗುಂಡು ಬಿಗಿದಳು. ಗಂಟಿನ ಆಚೆ ಒಂದು ಮಾರು ಹಗ್ಗ ಉಳಿದಿತ್ತು. ಅವಳು ದೋಣಿಯ ವೈರ್‌ಲೆಸ್ ಕಡೆ ತಿರುಗಿದ್ದೇ ತಡ, ನಾನು ಆ ಉಳಿದ ತುದಿಯನ್ನು ಕಳ್ಳನ ಹಾಗೆ ಹಿಂದಿನ ಗೂಟಕ್ಕೆ ಮೂರು ಸುತ್ತು ಸುತ್ತಿದೆ. ಗುಂಡು ಅವಳ ಸಮಾಧಾನಕ್ಕೆ, ಗೂಟ ನನ್ನ ಮರ್ಯಾದೆಗೆ.

ಗಾಳ ಇಳಿಬಿಟ್ಟು ಕಾದೆವು. ಮೀನು ಕಚ್ಚಿದ್ದು ಗೊತ್ತಾಗಲಿಲ್ಲ. ಹಗ್ಗ ಭಾರವಾಯಿತು ಅಷ್ಟೇ, ತಳದ ಬಂಡೆಗೆ ಸಿಕ್ಕಿಕೊಂಡ ಹಾಗೆ. ಆಮೇಲೆ ಆ ಬಂಡೆ ನಿಧಾನಕ್ಕೆ ತಲೆ ಅಲ್ಲಾಡಿಸಿತು.

"ಕೈಗೆ ಸುತ್ಕೋಬೇಡಿ ಮಾವ!"

ಅಭ್ಯಾಸಬಲ, ಸುತ್ತಿಕೊಂಡೇ ಇದ್ದೆ. ಬಿಚ್ಚಿ, ಬರೀ ಮುಷ್ಟಿಯಲ್ಲಿ ಹಿಡಿದು ಎಳೆದೆ. ಅರ್ಧ ಗಂಟೆ ಎಳೆದೆ. ಜಗಳ ಇಲ್ಲ, ತಕರಾರಿಲ್ಲ, ನೆನೆದ ಹಾಸಿಗೆಯ ಹಾಗೆ ಬರುತ್ತಿತ್ತು. ಇಷ್ಟೇನಾ ಅಂದುಕೊಂಡೆ.

ಹಸಿರು ನೀರಿನ ಕೆಳಗೆ ಒಂದು ಮಬ್ಬು ಕಂಡಿತು. ಮೋಡದ ನೆರಳಿರಬೇಕೆಂದು ತಲೆ ಎತ್ತಿ ನೋಡಿದೆ. ಆಕಾಶದಲ್ಲಿ ಮೋಡವೇ ಇರಲಿಲ್ಲ.

ಆ ಮಬ್ಬು ಅಗಲವಾಗುತ್ತಾ ಮೇಲೆ ಬಂತು. ಮನೆಯ ಮುಂಬಾಗಿಲಿಗಿಂತ ಉದ್ದ, ನಮ್ಮ ದೋಣಿಯ ಅರ್ಧದಷ್ಟು. ಬೆನ್ನಿನ ತುಂಬ ಮರಳಿನ ಬಣ್ಣ, ಬೆಣಚುಕಲ್ಲಿನಂಥ ಚುಕ್ಕೆ. ಸಮುದ್ರದ ತಳದ ಒಂದು ತುಂಡೇ ಕಿತ್ತುಕೊಂಡು ನೋಡಲು ಬಂದ ಹಾಗಿತ್ತು. ನನ್ನ ಮಗನಿಗಿಂತ ವಯಸ್ಸಾಗಿರಬೇಕು ಅದಕ್ಕೆ. ಅಕ್ಕಪಕ್ಕ ಎರಡು ಕಣ್ಣು. ಎರಡೂ ನನ್ನನ್ನೇ ನೋಡಿದವು. ನನ್ನ ಆಯುಷ್ಯದಲ್ಲಿ ಯಾರೂ ನನ್ನನ್ನು ಹಾಗೆ ನೋಡಿಲ್ಲ. ಅದರಲ್ಲಿ ಭಯವಿಲ್ಲ, ಕೋಪವಿಲ್ಲ. ನಾನೊಬ್ಬ ಇದ್ದೇನೆ ಎಂದು ಲೆಕ್ಕಕ್ಕೂ ತೆಗೆದುಕೊಳ್ಳದ ನೋಟ.

ಸೊಸೆ ಪಿಸುಗುಟ್ಟಿದಳು, "ಮಾವ, ಜೀವಂತ ಒಳಗೆ ಎಳೀಬೇಡಿ. ಒದ್ದು ಹಲಗೆ ಮುರಿಯುತ್ತೆ, ಕಾಲು ಮುರಿಯುತ್ತೆ. ಹಗ್ಗ ಸಡಿಲ ಬಿಡಿ."

"ಸುಮ್ನಿರು," ಎಂದು, ಮೀನಿಗೆ ಸಿಕ್ಕಿಸಿ ಎಳೆಯುವ ಕೊಕ್ಕೆಕೋಲು ಎತ್ತಿದೆ. ಕೋಲಿನ ನೆರಳು ನೀರಿನ ಮೇಲೆ ಬಿತ್ತು.

ಮೀನು ತಿರುಗಿತು. ಬಾಲದ ಒಂದೇ ಹೊಡೆತಕ್ಕೆ ಇಬ್ಬರೂ ತೊಯ್ದು ತೊಪ್ಪೆಯಾದೆವು. ಎಳೆದು ಬುಟ್ಟಿಯಲ್ಲಿ ಸುತ್ತಿಟ್ಟಿದ್ದ ಹಗ್ಗ ಸಿಳ್ಳೆ ಹೊಡೆಯುತ್ತಾ ಖಾಲಿಯಾಯಿತು. ಬುಟ್ಟಿ ಬರಿದಾದ ಕ್ಷಣ ತೇಲುಗುಂಡು ಹಾರಿ ಹೊರಗೆ ಬೀಳಬೇಕಿತ್ತು. ಬೀಳಲಿಲ್ಲ. ಗೂಟ ಹಿಡಿದುಕೊಂಡಿತು.

ದೋಣಿಯ ಹಿಂಬದಿ ಕೆಳಗೆ ಹೋಯಿತು, ಮುಂಬದಿ ಆಕಾಶಕ್ಕೆ ಎದ್ದಿತು. ಸಮುದ್ರ ಗದ್ದಲ ಮಾಡಲಿಲ್ಲ. ಮನೆಯವರು ಬಂದ ಹಾಗೆ ಸದ್ದಿಲ್ಲದೆ ಒಳಗೆ ಬಂತು. ಪಾದ ಮುಳುಗಿತು, ಮೊಣಕಾಲು ಮುಳುಗಿತು. ಸೊಸೆ ಗೂಟ ನೋಡಿದಳು, ನನ್ನ ಮುಖ ನೋಡಿದಳು. ಬೈಯುವ ಹೊತ್ತಲ್ಲ ಅದು. ಬದಿಯ ಚಾಕು ಎಳೆದು, ಗೂಟಕ್ಕೂ ಗುಂಡಿಗೂ ನಡುವಿನ ಹಗ್ಗವನ್ನು ಒಂದೇ ಏಟಿಗೆ ಕಡಿದಳು.

ದೋಣಿ ಉಸಿರು ಬಿಟ್ಟ ಹಾಗೆ ಮೇಲೆದ್ದಿತು. ಗುಂಡು ನೀರಿಗೆ ಹಾರಿ, ನೊರೆ ಎಬ್ಬಿಸುತ್ತಾ ಓಡಿತು. ಆಮೇಲೆ, ಕೇಳಿ, ಮುಳುಗಿತು. ನಾವು ಮನೆಮಂದಿಯೆಲ್ಲ ಜೋತುಬಿದ್ದರೂ ತೇಲುವ ಗುಂಡು ಅದು. ಅದನ್ನು ಆ ಮೀನು ಮಾತ್ರೆ ನುಂಗಿದ ಹಾಗೆ ಕೆಳಗೆ ಎಳೆದುಕೊಂಡಿತು. ನೀರು ಮುಚ್ಚಿಕೊಂಡಿತು. ಒಂದು ಗುಳ್ಳೆಯೂ ಇಲ್ಲ. ಸಮುದ್ರ ಕನ್ನಡಿಯ ಹಾಗೆ ಸಪಾಟಾಗಿ ಮಲಗಿತ್ತು.

"ಗುಂಡು ಮೇಲೆ ಬರೋವರೆಗೆ ಎಣಿಸಿ ಮಾವ," ಅಂದಳು, ಬಕೆಟ್ ನನ್ನ ಕೈಗಿಟ್ಟು. "ಎಣಿಸ್ತಾ ನೀರು ಮೊಗೀರಿ."

ನಲವತ್ತಾರಕ್ಕೆ ಗುಂಡು ಮೇಲೆ ಬಂತು, ಕೂಗಿದರೂ ಕೇಳಿಸದಷ್ಟು ದೂರದಲ್ಲಿ. ನಾನು ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಹೋಯಿತು. ಹೀಗೆ ಮೂರು ಸಲ.

"ಅಮ್ಮಾ," ಅಂದೆ. "ಆ ಗುಂಡು ಇರೋ ಜಾಗದಲ್ಲಿ ನಾವಿರ್ತಿದ್ವಿ."

"ಹೂಂ ಮಾವ. ನೀರು ಮೊಗೀರಿ."

ಗುಂಡು ಸುಮ್ಮನಾದಾಗ ಹತ್ತಿರ ಹೋಗಿ ಹಗ್ಗ ಎಳೆದೆವು. ಹಗುರವಾಗಿ ಬಂತು. ಮೀನಿರಲಿಲ್ಲ. ನನ್ನ ಕಿರುಬೆರಳಿನ ದಪ್ಪದ, ಗಾಳದ ಉಕ್ಕಿನ ಕೊಕ್ಕೆ, ಬಾಗು ಬಿಚ್ಚಿಕೊಂಡು ಮೊಳೆಯ ಹಾಗೆ ನೆಟ್ಟಗಾಗಿತ್ತು. ಸೊಸೆ ವೈರ್‌ಲೆಸ್‌ನಲ್ಲಿ ಹೇಳಿದಳು: "ಇಬ್ರೂ ಕ್ಷೇಮ. ವಾಪಸ್ ಬರ್ತಾ ಇದೀವಿ."

ಸಂಜೆ ಚಹಾದಂಗಡಿಯಲ್ಲಿ ಸುದ್ದಿ ನನಗಿಂತ ಮುಂಚೆ ಬಂದು ಕೂತಿತ್ತು. ಬಲೆ ಹೆಣೆಯುವವನು ಕೂಗಿದ: "ಏನಜ್ಜಾ, ಗುಂಡು ಎಸೆದು ಬರಿಗೈಲಿ ಬಂದ್ಯಂತೆ? ಎರಡನೇ ಹಗ್ಗಬಿಟ್ಟಪ್ಪ ಅನ್ಲಾ?"

"ಅನ್ನೋ ಮಾರಾಯ. ಧಾರಾಳವಾಗಿ ಅನ್ನು," ಎಂದು ಆ ಕೊಕ್ಕೆಯನ್ನು ಮೇಜಿನ ಮೇಲಿಟ್ಟೆ. ಗೂಟದ ವಿಷಯ ಒಂದೂ ಬಿಡದೆ ಹೇಳಿದೆ, ನನ್ನ ಕಳ್ಳತನ ಸೇರಿಸಿ.

ಮೂಲೆಯಿಂದ ಹಗ್ಗಬಿಟ್ಟಪ್ಪ ಎದ್ದು ಬಂದು ಕೊಕ್ಕೆ ಮುಟ್ಟಿ ನೋಡಿದ. "ನಾನೂ ಅವತ್ತು ಇಂಥದ್ದನ್ನೇ ನೋಡಿದ್ದು ಕಣೋ. ಹೇಳೋಕೆ ನೀವೆಲ್ಲಿ ಬಿಟ್ರಿ?" ಅಂದ. ನಾನು ಅವನ ನಿಜವಾದ ಹೆಸರು ಹಿಡಿದು ಕರೆದು, ತಪ್ಪಾಯಿತು ಅಂದೆ. ಬಲೆ ಹೆಣೆಯುವವನು ಕೊಕ್ಕೆಯನ್ನು ಬೆಳಕಿಗೆ ಹಿಡಿದು, ಎರಡೂ ಕೈಯಿಂದ ಬಗ್ಗಿಸಲು ನೋಡಿದ. ಬಗ್ಗಲಿಲ್ಲ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿದಳು. ಅಳುತ್ತಾಳೆ ಅಂದುಕೊಂಡೆ. ಮಗನ ಗಾಡಿಯಿಂದ ಸ್ಪ್ಯಾನರ್ ತರಿಸಿದಳು. ಸೀರೆ ಮೇಲೆ ಸಿಕ್ಕಿಸಿ, ಕಟ್ಟೆಗೆ ನಡೆದು, ದೋಣಿಯ ಹಿಂದಿನ ಗೂಟದ ನಟ್ಟು ಬಿಚ್ಚತೊಡಗಿದಳು.

"ಅಮ್ಮಾ, ದೋಣಿ ಕಟ್ಟೋಕೆ ಬೇಕಲ್ಲಾ ಅದು?" ಅಂದ ಮಗ.

"ಕಟ್ಟೋಕೆ ಮುಂದಿನ ಗೂಟ ಸಾಕು. ಇದು ನಿಮ್ಮಪ್ಪನ ಮರ್ಯಾದೆ ಕಟ್ಟೋಕೆ ಇದ್ದಿದ್ದು," ಅಂದಳು. ನಾನು ಟಾರ್ಚ್ ಹಿಡಿದು ನಿಂತೆ. ಬೇರೆ ಏನು ಮಾಡಲಿ?

ಗಾಳ ಹಿಡಿಯುವ ಅಣ್ಣತಮ್ಮಂದಿರೇ, ಅವರನ್ನು ಕಳಿಸಿಕೊಡುವ ಅಕ್ಕತಂಗಿಯರೇ, ಆ ಆಳದಲ್ಲಿ ಏನಿದೆ ಎಂದು ನಮಗೆ ಪೂರ್ತಿ ಗೊತ್ತಿಲ್ಲ. ಐವತ್ತು ವರ್ಷ ಅದರ ನೆತ್ತಿಯ ಮೇಲೆ ಓಡಾಡಿದವನು ಹೇಳುತ್ತಿದ್ದೇನೆ. ಅದಕ್ಕೆ ಜಾಗ ಬಿಟ್ಟು ಬದುಕುವುದು ಹೇಡಿತನವಲ್ಲ. ಹಗ್ಗದ ತುದಿಯನ್ನು ತೇಲುಗುಂಡಿಗೆ ಮಾತ್ರ ಕಟ್ಟಿ. ದೊಡ್ಡ ಮೀನನ್ನು ಜೀವಂತ ದೋಣಿಯೊಳಗೆ ಎಳೆಯಬೇಡಿ, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಚಾಕು ಕೈಗೆಟುಕುವಲ್ಲಿರಲಿ. ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನ ಕೆಳಗಲ್ಲ. ಹವಾಮಾನ ಕೇಳಿ ಹೊರಡಿ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂದು ದಡದಲ್ಲಿ ಒಬ್ಬರಿಗಾದರೂ ಹೇಳಿ. ಮೀನು ಹೋದರೆ ಜನ ನಗುತ್ತಾರೆ, ನಗಲಿ. ಆ ನಗು ಕೇಳಿಸಿಕೊಳ್ಳಲು ನೀವು ದಡದಲ್ಲಿರುತ್ತೀರಿ.