ಮೆಣಸಿನಕಾಯಿ ತೊಟ್ಟು

ಗೂಟಕ್ಕೆ ನೇತುಹಾಕಿದ್ದ ಗಂಡನ ಖಾಕಿ ಅಂಗಿಯ ಜೇಬಿಗೆ ರುಕ್ಮವ್ವ ಕೈಹಾಕಿದಳು. ಹೆಣಕ್ಕೆ ಉಡಿಸಬೇಕಾದ ಬಿಳಿ ಧೋತರ ಟ್ರಂಕಿನಲ್ಲಿತ್ತು, ಟ್ರಂಕಿನ ಕೀಲಿ ಸದಾ ಅವನ ಬಳಿಯೇ. ಕೀಲಿಯೇನೋ ಸಿಕ್ಕಿತು, ಜೊತೆಗೆ ಮೆಣಸಿನಕಾಯಿಯ ಎರಡು ಒಣಗಿದ ತೊಟ್ಟೂ ಕೈಗೆ ಬಂದವು. ರೊಟ್ಟಿಯ ಜೊತೆ ಹಸಿಮೆಣಸಿನಕಾಯಿ ಕಚ್ಚುವ ಸೀಮೆಯವನ ಜೇಬಿನಲ್ಲಿ ತೊಟ್ಟು ಸಿಕ್ಕರೆ ಅದರಲ್ಲೇನು ವಿಶೇಷ? ಬಟ್ಟೆ ಒಗೆಯುವಾಗಲೆಲ್ಲ ತೆಗೆದು ಬಿಸಾಡುತ್ತಿದ್ದಳು. ಇವತ್ತು ಮನಸ್ಸಾಗದೆ ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಹೊರಗೆ ವಠಾರದ ಅಂಗಳದಲ್ಲಿ ಮಲಕಪ್ಪನನ್ನು ಲಿಂಗವಂತರ ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ ಬಳಿದಿದ್ದರು. ಪೀಣ್ಯದ ಲೇತ್ ಶಾಪಿನಲ್ಲಿ ಇಡೀ ಆಯುಷ್ಯ ನಿಂತೇ ದುಡಿದವನು ಈಗ ಒಂದಿಷ್ಟು ಆರಾಮಾಗಿ ಕೂತಂತೆ ಕಾಣುತ್ತಿದ್ದ. ಮೆಟ್ರೊ ನಾಗಸಂದ್ರಕ್ಕೆ ಬಂದ ವರ್ಷದ ಮಳೆಗಾಲ ಅದು. ಡೆಂಗಿ ಜ್ವರ ಬಂದು ವಾರ ತುಂಬುವುದರೊಳಗೆ ಅವನನ್ನು ಒಯ್ದಿತ್ತು.

ಧೋತರ ಕೊಟ್ಟು ಹೆಣದ ಬಳಿ ಬಂದು ಕೂತ ರುಕ್ಮವ್ವ ಇನ್ನೂ ಅತ್ತಿರಲಿಲ್ಲ. ಮನೆಯೊಡತಿ ಪಿಳ್ಳಮ್ಮ ಪಕ್ಕದಲ್ಲಿ ಕೂತು, "ಯಾಕವ್ವಾ ಇಂಗ್ ಕುಂತಿದ್ದೀಯ, ಅತ್ತು ಅಗುರ ಮಾಡ್ಕೊ" ಎಂದು ಎರಡು ಸಲ ಬೆನ್ನು ಸವರಿದಳು. ಅಷ್ಟರಲ್ಲಿ ರುಕ್ಮವ್ವನಂತೆಯೇ ವಿಜಯಪುರದ ಕಡೆಯವಳಾದ, ಪಕ್ಕದ ಮನೆಯ ಹಿರಿಯಳು ಮಹಾಂತಮ್ಮ ಕೇಳಬೇಕಾದ್ದನ್ನು ಕೇಳಿದಳು.

"ಮೂರನೇ ದಿನ ಗೋರಿ ಮುಂದ ಎಡಿ ಇಡಬೇಕಲ್ಲವ್ವಾ. ಮಲಕಪ್ಪಗ ಯಾವುದರ ಮ್ಯಾಲ ಬಾಳ ಆಸಿ ಇತ್ತು?"

ರುಕ್ಮವ್ವನಿಗೆ ಉತ್ತರ ಗೊತ್ತಿತ್ತು.

*

ಕೆಲವು ವರ್ಷಗಳ ಹಿಂದೆ ಶಾಪಿನವರು ಆರೋಗ್ಯ ತಪಾಸಣೆ ಮಾಡಿಸಿದ್ದರು. ಸ್ಕ್ಯಾನಿಂಗಿನಲ್ಲಿ ಮಲಕಪ್ಪನ ಪಿತ್ತಕೋಶದಲ್ಲಿ ಸಣ್ಣ ಕಲ್ಲುಗಳು ಕಂಡವು. ಅವನಿಗೆ ಒಂದು ದಿನವೂ ನೋವಿರಲಿಲ್ಲ. ಡಾಕ್ಟರು ಧೈರ್ಯ ಹೇಳಿ ಕಳಿಸಿದ್ದರು: ತೊಂದರೆ ಕೊಡದೆ ಮಲಗಿರುವ ಕಲ್ಲನ್ನು ಕೊಯ್ದು ತೆಗೆಯುವ ಅಗತ್ಯವಿಲ್ಲ, ಹೆಚ್ಚಿನವರಿಗೆ ಅದು ಕಾಡುವುದೇ ಇಲ್ಲ, ಹೊಟ್ಟೆ ಖಾಲಿ ಬಿಡಬೇಡಿ, ಉಪವಾಸವೂ ಕಲ್ಲು ಬೆಳೆಸುತ್ತದೆ ಎಂದು ಈಗಿನ ಸಂಶೋಧನೆಗಳು ಹೇಳುತ್ತವೆ, ಹಿತಮಿತವಾಗಿ ಎಲ್ಲ ತಿನ್ನಿ, ನೋವು ಬಂದರೆ ಮಾತ್ರ ಓಡಿ ಬನ್ನಿ.

ಮಲಕಪ್ಪ ಖುಷಿಯಿಂದ ಬಂದು ಇದನ್ನೆಲ್ಲ ಹೆಂಡತಿಗೆ ಒಪ್ಪಿಸಿದ. ಅವಳ ಅಕ್ಕ ಊರಿನಲ್ಲಿ ಪಿತ್ತದ ಚೀಲ ಒಡೆದು ನರಳಿ ನರಳಿ ಸತ್ತಿದ್ದಳು. ಅದನ್ನು ಕಣ್ಣಾರೆ ಕಂಡವಳು ಯಾವ ಸಂಶೋಧನೆಯನ್ನು ನಂಬುತ್ತಾಳೆ?

"ಡಾಕ್ಟರ ಹೆಸರ ಹೇಳಿ ನಿಮ್ಮ ನಾಲಿಗಿ ಮಾತಾಡಾಕತ್ತೈತಿ" ಎಂದು ಎಣ್ಣೆಯ ಬಾಣಲೆಯನ್ನು ಅಟ್ಟಕ್ಕೇರಿಸಿದಳು. ಅಂದಿನಿಂದ ಆ ಮನೆಯಲ್ಲಿ ಭಜಿ ಇಲ್ಲ, ಹಬ್ಬಕ್ಕೆ ಕರಿಗಡುಬೂ ಇಲ್ಲ. ಅವನಿಗಿಲ್ಲದ್ದು ತನಗೂ ಬೇಡವೆಂದು ಅವಳೂ ಬಿಟ್ಟಳು. ಅವನು ನಾಲ್ಕು ದಿನ ವಾದಿಸಿ ಸುಮ್ಮನಾದ. ಜೊತೆಯಲ್ಲಿ ಸಂತೆಗೆ ಹೋಗುವಾಗ ಓಣಿಯ ಬಾಯಿಗಿದ್ದ ಸಂಗಣ್ಣನ ಮಿರ್ಚಿ ಭಜಿ ಗಾಡಿ ಬಂದರೆ ಮುಖ ಆ ಕಡೆ ತಿರುಗಿಸಿಕೊಂಡು ನಡೆಯುತ್ತಿದ್ದ. ಪಾಪ, ಎಷ್ಟು ತಡೆದುಕೊಳ್ಳುತ್ತಾನೆ ಎಂದು ಅವಳು ಅಂದುಕೊಳ್ಳುತ್ತಿದ್ದಳು.

ನಿನ್ನೆ ಆಸ್ಪತ್ರೆಯ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಕೊಂದದ್ದು ಸೊಳ್ಳೆಯ ಜ್ವರ, ಕಲ್ಲುಗಳು ಇದ್ದಲ್ಲೇ ಇದ್ದವು. ಹಾಗಾದರೆ ಇಷ್ಟು ವರ್ಷ ತಾನು ಅವನ ಬಾಯಿ ಕಟ್ಟಿದ್ದು ಯಾವ ಸುಖಕ್ಕೆ?

*

"ಹೇಳವ್ವಾ" ಎಂದಳು ಮಹಾಂತಮ್ಮ.

"ಮಿರ್ಚಿ ಭಜಿ. ಸುಳ್ಳೇ ಅಂಜಿ ಬಿಡಿಸಿದ್ನಿ. ಆಸಿ ಇಟ್ಕೊಂಡ ಹೋದ್ರು. ಇನ್ನ ಗೋರಿ ಮುಂದ ಇಟ್ಟರ ಅವರ ಬಾಯಿಗಿ ಮುಟ್ಟತೈತೇನು?"

ಗೇಟಿನ ಬಳಿ ನಿಂತಿದ್ದ ಸಂಗಣ್ಣ ಮುಂದೆ ಬಂದ. ನಿನ್ನೆಯಿಂದ ಅವನು ಗಾಡಿಯ ಒಲೆ ಹೊತ್ತಿಸಿರಲಿಲ್ಲ. ಮುಖ ಬಿಳುಚಿಕೊಂಡಿತ್ತು. ಹೆಗಲ ಮೇಲಿನ ಟವೆಲ್ಲನ್ನು ಕೈಯಲ್ಲಿ ಹಿಂಡುತ್ತ ಅವಳೆದುರು ಕುಕ್ಕರಗಾಲಲ್ಲಿ ಕೂತ.

"ಅಕ್ಕಾರ, ತಪ್ಪ ನಂದೈತ್ರಿ. ಅಣ್ಣಾರು ಪಾಳಿ ಬಿಟ್ಟ ಬರೂಮುಂದ ನನ್ನ ಗಾಡಿಗಿ ಬಂದು ದಿನಾ ತಿಂತಿದ್ರು. ನನ್ನ ಭಜಿನೇ ಅವರನ್ನ ತಗೊಂಡಿತೇನಂತ ನಿನ್ನಿಂದ ಅನ್ನ ಇಳೀವಲ್ದ್ರಿ."

ರುಕ್ಮವ್ವ ಅವನನ್ನೇ ನೋಡಿದಳು.

"ಯಾವಾಗಿಂದ?"

"ನೀವು ಬಾಣಲಿ ಅಟ್ಟಕ್ಕಿಟ್ಟ ವಾರದಿಂದ್ರಿ. ತೊಟ್ಟ ಕೆಳಗ ಒಗದರ ಪಿಳ್ಳಮ್ಮಾರು ಬೈತಾರಂತ ಕಿಸೇದಾಗ ಹಾಕ್ಕೋತಿದ್ರು."

ಗಾಡಿ ನಿಲ್ಲುತ್ತಿದ್ದುದು ಪಿಳ್ಳಮ್ಮನ ಗೋಡೆಗೆ ಒತ್ತಿಕೊಂಡೇ. ಅವಳು ತಲೆ ತಗ್ಗಿಸಿದಳು. ರುಕ್ಮವ್ವನಿಗೆ ಕಿಟಕಿಯ ಕಟ್ಟೆ ನೆನಪಾಯಿತು. ಗಂಡನ ಮೈಯಿಂದ ದಿನಾ ಎಣ್ಣೆಯ ವಾಸನೆ ಬರುತ್ತಿತ್ತು. ಲೇತಿನ ಎಣ್ಣೆಯೆಂದು ಅವಳು ಸೋಪು ಹಾಕಿ ಹಾಕಿ ಒಗೆದಿದ್ದಳು.

"ಬಿಸೀದು ಕೊಡ್ತಿದ್ದೇನು?"

"ಆರಿದ್ದು ಒಂದಿನಾನೂ ಕೊಟ್ಟಿಲ್ರಿ ಅಕ್ಕಾರ."

ಅವಳು ವಿಭೂತಿಯ ಮುಖದ ಕಡೆ ತಿರುಗಿದಳು. "ಕಳ್ಳ ನೋಡು" ಎಂದಳು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಆಮೇಲೆ ಅಳು ಬಂತು. ಎದೆಯ ಮೇಲೆ ಕೂತಿದ್ದ ಭಾರ ಆ ಅಳುವಿನಲ್ಲೇ ಇಳಿದುಹೋಯಿತು. ಸೆರಗಿನಿಂದ ಮೂಗು ಒರೆಸಿಕೊಂಡು, ಕಲ್ಲಿಗೂ ಭಜಿಗೂ ಈ ಸಾವಿನಲ್ಲಿ ಪಾಲಿಲ್ಲವೆಂದು ಡಾಕ್ಟರು ಹೇಳಿದ್ದನ್ನು ಸಂಗಣ್ಣನಿಗೆ ತಾನೇ ಬಿಡಿಸಿ ಹೇಳಿದಳು.

"ನೀ ಏನೂ ಮಾಡಿಲ್ಲಪ್ಪ. ಮಣ್ಣು ಮುಗಿಸಿ ಬಂದು ಒಲಿ ಹಚ್ಚು."

*

ಮಣ್ಣು ಮುಗಿದು, ಮಂದಿ ಕೈಕಾಲು ತೊಳೆದು ದೀಪ ನೋಡಿ ಹೋದ ಮೇಲೆ ಓಣಿಯ ಬಾಯಿಯಲ್ಲಿ ಸ್ಟವ್ ಭುಸುಗುಟ್ಟುವ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಸಂಗಣ್ಣ ಪೇಪರಿನಲ್ಲಿ ಭಜಿ ಸುತ್ತಿ ತಂದು ಹೊಸ್ತಿಲ ಮೇಲಿಟ್ಟ. ಸಾವಿನ ಮನೆಯಲ್ಲಿ ಕರಿದದ್ದೇ ಎಂದು ಮಹಾಂತಮ್ಮ ಹುಬ್ಬೇರಿಸಿದಳು. ಆಮೇಲೆ ಅವಳೇ ಪೊಟ್ಟಣವನ್ನು ರುಕ್ಮವ್ವನ ಕಡೆ ಸರಿಸಿದಳು.

ಭಜಿ ಸುಡುತ್ತಿತ್ತು. ರುಕ್ಮವ್ವ ಊದಿ ಊದಿ, ಖಾರಕ್ಕೆ ಮೂಗು ಸೊರ್‍ರೆನ್ನಿಸುತ್ತ, ಒಂದನ್ನು ಪೂರ್ತಿ ತಿಂದಳು. ಉಳಿದ ತೊಟ್ಟು ಹಿಡಿದು ಒಳಗೆ ಹೋದಳು. ಕಿಟಕಿಯ ಕಟ್ಟೆಯ ಮೇಲಿದ್ದ ಎರಡನ್ನೂ ಅದರ ಜೊತೆ ಸೇರಿಸಿ, ಗೂಟದ ಮೇಲಿನ ಖಾಕಿ ಅಂಗಿಯ ಜೇಬಿಗೆ ಹಾಕಿದಳು.