ಮೇಣದ ದಾರದ ಗಂಟು

ಹೆಬ್ಬಾಳದ ಮೇಲ್ಸೇತುವೆ ಏರುವಾಗ ನಮ್ಮ ಕಾರು ಮೂರನೆಯ ಸಲ ಕೈಕೊಟ್ಟಿತು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಎಂಜಿನ್ನು ಕಿವಿ ಕೇಳದವರಂತೆ ತನ್ನಷ್ಟಕ್ಕೆ ತೆವಳಿತು. ಹಿಂದೆ ಹಾರ್ನುಗಳ ಗದ್ದಲ. ಸ್ಕೂಟರಿನಲ್ಲಿ ಹೋಗುತ್ತಿದ್ದ ಹುಡುಗಿಯೊಬ್ಬಳು ನಿಂತು, ಕೈ ಅಡ್ಡ ಹಿಡಿದು, ನಾವು ಪಕ್ಕಕ್ಕೆ ಸರಿಯುವವರೆಗೆ ಬಸ್ಸುಗಳನ್ನು ತಡೆದಳು. ಹೆಲ್ಮೆಟ್ಟಿನೊಳಗಿನ ಅವಳ ಮುಖ ನನಗೆ ಕಾಣಲಿಲ್ಲ.

"ಸಾಕು ಕೃಷ್ಣವೇಣಿ, ಮನೆಗೆ ತಿರುಗ್ಸು" ಎಂದರು ಪಕ್ಕದಲ್ಲಿದ್ದ ನನ್ನ ಯಜಮಾನರು, ಜಯಸಿಂಹ. "ಗಾಡಿಗೇ ಬೇಡವಾಗಿದೆ."

ಎರಡು ವರ್ಷದಿಂದ ವಾರಕ್ಕೆ ಮೂರು ದಿನ ನಾನೇ ಅವರನ್ನು ಯಲಹಂಕದಿಂದ ಹೆಬ್ಬಾಳಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದೆ. ಒಮ್ಮೆ ಟ್ಯಾಕ್ಸಿಯಲ್ಲಿ ಮರಳುವಾಗ ಅವರಿಗೆ ವಾಂತಿಯಾಯಿತು. ಡ್ರೈವರು ಏನೂ ಅನ್ನದೆ ನೀರು ಕೊಟ್ಟ, ತಾನೇ ಸೀಟು ಒರೆಸಿದ. ಅವನು ಬೈದಿದ್ದರೆ ಜಯಸಿಂಹ ಮರೆಯುತ್ತಿದ್ದರೇನೋ. ಅಂದಿನಿಂದ ಅವರದು ಒಂದೇ ಹಟ: "ನಮ್ಮ ಗಾಡಿ ಓಡೋವರ್ಗೂ ಬರ್ತೀನಿ. ಆಮೇಲೆ ನನ್ನ ಕೇಳ್ಬೇಡ."

ಆ ಸೋಮವಾರದ ಸರದಿ ತಪ್ಪಿತು. ಸಂಜೆಗೆ ಅವರ ಪಾದ ಊದಿಕೊಂಡಿತು. ಬೆರಳಿಟ್ಟರೆ ಕುಳಿ ಬೀಳುತ್ತಿತ್ತು. ಬುಧವಾರವೂ ತಪ್ಪಿದರೆ ಏನಾಗುತ್ತದೆಂದು ಡಾಕ್ಟರು ನನಗೆ ಹಿಂದೆಯೇ ಹೇಳಿದ್ದರು.

ಮಂಗಳವಾರ ಬೆಳಿಗ್ಗೆ ಕಾರನ್ನು ನಿಧಾನವಾಗಿ ಆರ್.ಟಿ. ನಗರಕ್ಕೆ ಓಡಿಸಿದೆ. ಯಲಹಂಕದ ಗ್ಯಾರೇಜಿನವರು ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯನ್ನು ಎರಡು ಸಲ ತೊಳೆದು, ಕೊನೆಗೆ ಹೊಸದೇ ಹಾಕಬೇಕು, ತರಿಸಲು ಹತ್ತು ದಿನ ಎಂದಿದ್ದರು. ನನಗಿದ್ದದ್ದು ಒಂದೇ ದಿನ. ಆರ್.ಟಿ. ನಗರದ ಮೆಕ್ಯಾನಿಕ್ ಸಲ್ಮಾನ್ ನನ್ನ ಮಾತನ್ನು ಪೂರ್ತಿ ಕೇಳಿದ. ಹಾಗೆ ಕೇಳುವವರು ಈಗ ಕಡಿಮೆ. ಫ್ಯಾನನ್ನು ನನ್ನ ಕಡೆ ತಿರುಗಿಸಿ, ಕಾರಿಗೊಂದು ಸ್ಕ್ಯಾನರ್ ಸಿಕ್ಕಿಸಿದ.

"ನೋಡಿ ಅಮ್ಮಾ, ಈಗೆಲ್ಲಾ ಪೆಡಲ್‌ಗೆ ಕೇಬಲ್ ಇಲ್ಲ, ವೈರೇ. ಒಳಗೆ ಒಂದು ಸಣ್ಣ ಬಾಗ್ಲು ಇದೆ. ಅದು ಎಷ್ಟು ತೆಗ್ದಿದೆ ಅಂತ ಎರಡು ವೈರು ಕಂಪ್ಯೂಟರ್‌ಗೆ ಹೇಳ್ತವೆ. ಎರಡೂ ಒಂದೇ ಮಾತು ಹೇಳ್ಬೇಕು. ಹೇಳ್ಲಿಲ್ಲಾಂದ್ರೆ ಅದು ಹೆದರ್ಕೊಂಡು ಪವರ್ ಕಮ್ಮಿ ಮಾಡ್ಬಿಡತ್ತೆ."

"ಹಾಗಾದ್ರೆ ಬಾಗಿಲು ಕೆಟ್ಟಿದೆಯಾ?"

"ಅದನ್ನೇ ನೋಡ್ತಿದೀನಿ. ಸುಮ್ನೆ ಹೊಸದು ಹಾಕಿ ನಿಮ್ಮನ್ನ ಕಳಿಸೋಕೆ ನಾನೇನು ದೊಡ್ಡ ಶೋರೂಮಾ?"

ಅವನು ವೈರುಗಳ ಕಟ್ಟನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸುತ್ತ ಹೋದ. ಒಂದು ಜಾಗದಲ್ಲಿ ಸ್ಕ್ಯಾನರಿನ ಎರಡು ಅಂಕಿಗಳಲ್ಲಿ ಒಂದು ತಟ್ಟನೆ ಸೊನ್ನೆಗಿಳಿಯಿತು. ಬಿಟ್ಟರೆ ಮೇಲೆದ್ದಿತು.

"ಸಿಕ್ತು! ಬಾಗ್ಲು ಚೆನ್ನಾಗೇ ಇದೆ, ತೊಂದ್ರೆ ವೈರಲ್ಲೇ ಇರೋದು." ಬಗ್ಗಿ ನೋಡಿ ನಕ್ಕ. "ಅರೆ, ಇದ್ಯಾರಮ್ಮಾ ಕಟ್ಟಿದ್ದು? ಟೇಪ್ ಮೇಲೆ ದಾರ. ಕಂಪ್ನಿಯವ್ರೂ ಇಷ್ಟು ನೀಟಾಗಿ ಕಟ್ಟಲ್ಲ."

ನಾನೂ ಬಗ್ಗಿ ನೋಡಿದೆ. ಮೇಣ ಹಚ್ಚಿದ ಬಿಳಿ ದಾರ, ಸಾಲಾಗಿ ನಾಲ್ಕು ಗಂಟು. ಯಶವಂತಪುರದ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಜಯಸಿಂಹ ಯಂತ್ರಗಳ ವೈರುಗಳನ್ನು ಹಾಗೆಯೇ ಕಟ್ಟಿದವರು. ನಮ್ಮ ಮಿಕ್ಸಿಯ ವೈರಿಗೂ ಅದೇ ಗಂಟು, ಕರಿಬೇವಿನ ಕಂತೆಗೂ ಅದೇ. ಗಂಟು ಹಾಕದೆ ಬಿಟ್ಟ ಕೆಲಸ ಕೆಲಸವೇ ಅಲ್ಲ ಎನ್ನುತ್ತಿದ್ದರು.

"ನಮ್ಮ ಯಜಮಾನ್ರದು ಕಣಪ್ಪ" ಎಂದೆ. ನನ್ನ ದನಿಯಲ್ಲಿ ಹೆಮ್ಮೆಯಿತ್ತು. ಈ ಆಯಾಸದಲ್ಲೂ ರಿಪೇರಿಗೆ ಕೈಹಾಕಿದ್ದಾರಲ್ಲ ಎಂದುಕೊಂಡೆ.

ಸಲ್ಮಾನ್ ದಾರ ಕತ್ತರಿಸಿ ಟೇಪು ಬಿಚ್ಚಿದ. ಒಂದು ವೈರಿನ ಸಿಪ್ಪೆಯನ್ನು ಪೆನ್ಸಿಲ್ ಚೂಪು ಮಾಡಿದಂತೆ ಬ್ಲೇಡಿನಿಂದ ಸುತ್ತಲೂ ತೆಗೆಯಲಾಗಿತ್ತು. ಒಳಗಿನ ತಾಮ್ರದ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ಎರಡನ್ನು ಮಾತ್ರ ಉಳಿಸಲಾಗಿತ್ತು. ಪೂರ್ತಿ ಕತ್ತರಿಸಿದ್ದರೆ ಅಂದೇ ಗೊತ್ತಾಗುತ್ತಿತ್ತು. ಹೀಗೆ ಮಾಡಿದರೆ ಗಾಡಿಗೆ ವಯಸ್ಸಾಯಿತು ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ.

ಸಲ್ಮಾನ್ ನನ್ನನ್ನು ನೋಡಿದ.

"ಇಲಿ ಅಮ್ಮಾ" ಎಂದ ಆಮೇಲೆ. "ಈ ಕಡೆ ಇಲಿ ಕಾಟ ಜಾಸ್ತಿ. ಕಡ್ದಿದೆ. ಸಾರ್ ನೋಡಿ ಟೇಪ್ ಸುತ್ತಿರ್ತಾರೆ."

ನಾನು ವಿಜ್ಞಾನ ಓದಿದವಳು. ಹಲ್ಲಿನ ಗುರುತು ಹೇಗಿರುತ್ತದೆಂದು ಬಲ್ಲೆ. ಆದರೂ ಅವನು ಕೊಟ್ಟ ಇಲಿಯನ್ನು ತೆಗೆದುಕೊಂಡೆ. ಬೆಸುಗೆ ಹಾಕುವಾಗ ಅವನು ನನಗೆ ಬೆನ್ನು ಮಾಡಿ ನಿಂತ. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಅಷ್ಟರಲ್ಲಿ ನಾನು ಕಣ್ಣೊರೆಸಿಕೊಂಡು, ಕತ್ತರಿಸಿ ಬಿದ್ದಿದ್ದ ದಾರವನ್ನು ಎತ್ತಿಕೊಂಡೆ.

ಮನೆಗೆ ಬಂದಾಗ ಜಯಸಿಂಹ ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು.

"ಏನಂತೆ?"

"ಇಲಿಯಂತೆ. ವೈರು ಕಡಿದಿತ್ತಂತೆ. ಸರಿಯಾಯ್ತು."

ಅವರು ಕಣ್ಣು ಮುಚ್ಚಿದರು. "ಮತ್ತೆ ಕಡಿಯತ್ತೆ ಬಿಡು."

"ಕಡಿದ್ರೆ ನಾನು ಮತ್ತೆ ಸರಿ ಮಾಡ್ಸಲ್ಲ."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ನನ್ನ ಮುಷ್ಟಿಯಲ್ಲಿದ್ದ ಬಿಳಿ ದಾರದ ತುಂಡನ್ನೂ ನೋಡಿದರು.

"ಸೇತುವೆ ಮೇಲೆ ನಿಂತುಬಿಡತ್ತೆ ಅಂದ್ಕೊಂಡಿರ್ಲಿಲ್ಲ" ಎಂದರು. "ಮನೆ ಮುಂದೇನೇ ಸ್ಟಾರ್ಟ್ ಆಗಲ್ಲ ಅಂದ್ಕೊಂಡಿದ್ದೆ. ಹೊಸ ಗಾಡಿಗಳ ಲೆಕ್ಕಾಚಾರ ನನಗೆ ತಿಳೀಲಿಲ್ಲ. ನೀನು ಹೆದರ್ಕೊಂಡ್ಯಲ್ಲ, ಅದು ತಪ್ಪಾಯ್ತು."

ಅದೊಂದೇ ತಪ್ಪು ಎಂಬಂತೆ ಹೇಳಿದರು.

ಬುಧವಾರ ಬೆಳಿಗ್ಗೆ ಅವರೇ ಚಪ್ಪಲಿ ಮೆಟ್ಟಿ ಬಂದು ಕಾರಿನಲ್ಲಿ ಕೂತರು. "ಇವತ್ತು ಹೋಗೋಣ. ನೀನು ಅಷ್ಟು ಓಡಾಡಿದೀಯ" ಎಂದರು. ಕಾರು ಜಕ್ಕೂರು ದಾಟಿತು, ಸೇತುವೆ ಏರಿತು, ಎಲ್ಲೂ ಉಸಿರು ಕಟ್ಟಲಿಲ್ಲ. ಒತ್ತಿದಷ್ಟೂ ಓಡಿತು. ಅವರಿಗೆ ಒಲ್ಲೆನ್ನಲು ನೆಪವನ್ನೇ ಉಳಿಸದಂತೆ ಅದು ಇಷ್ಟು ಚೆನ್ನಾಗಿ ಓಡುವುದು ನನಗೆ ಆ ದಿನ ಬೇಕಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಪ್ರತಿಭಾ ಕಿಟಕಿ ಪಕ್ಕದ ಹಾಸಿಗೆಯನ್ನು ಅವರಿಗೆಂದೇ ಕಾದಿರಿಸಿದ್ದಳು. ಸೂಜಿ ಚುಚ್ಚುವಾಗ ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ಮರಳಿ ಬಂದ ಮೇಲೆ ಕಾರಿನ ಬೀಗದ ಕೈಯನ್ನು ನನ್ನ ಪರ್ಸಿಗೆ ಹಾಕಿಕೊಳ್ಳಲು ಹೋದವಳು ನಿಂತೆ. ಅದರ ಜಾಗ ಅವರ ಉಪಕರಣಗಳ ಪೆಟ್ಟಿಗೆಯ ಮೇಲಿನ ಮೊಳೆ. ಅವರ ಕೈಗೆಟುಕುವಂತೆ ಅಲ್ಲಿಯೇ ತೂಗುಹಾಕಿದೆ. ಅವರು ನೋಡುತ್ತಿದ್ದರು.

"ಶುಕ್ರವಾರ?" ಎಂದು ಕೇಳಿದೆ.

ಅವರು ಮೊಳೆಯಿಂದ ಕಣ್ಣು ತೆಗೆದು ಕಾಲನ್ನು ಸ್ಟೂಲಿನ ಮೇಲಿಟ್ಟರು. ನಾನು ಅವರ ಪಾದ ನೀವುತ್ತ ಕೂತೆ. ಊತ ಸ್ವಲ್ಪ ಇಳಿದಿತ್ತು.