ಗುಂಡ್ಯಾ ಟಬ್ಬು ಬಿಟ್ಟದ್ದು ಯಾಕೆ

ಟಬ್ಬು ಬಿಟ್ಟ ನಾಲ್ಕನೆಯ ದಿನ ಗುಂಡ್ಯಾ ಅತ್ತೆಯ ಕೌದಿಯ ಮೇಲೆಯೇ ಉಚ್ಚೆ ಹೊಯ್ದಿತ್ತು.

ಅಂಕಿತಾ ಮದುವೆಯಾಗಿ ಬೆಟಗೇರಿಗೆ ಬಂದು ಆರು ತಿಂಗಳು. ಲಕ್ಷ್ಮೇಶ್ವರದ ತವರಿನಿಂದ ಅವಳ ಹಿಂದೆಯೇ ಬಂದದ್ದು ಈ ಬೂದು ಬಣ್ಣದ ಗಂಡು ಬೆಕ್ಕು. ಮರಿಯಿದ್ದಾಗಿನಿಂದ ಉಸುಕು ತುಂಬಿದ ಟಬ್ಬು ಬಿಟ್ಟು ಬೇರೆಲ್ಲೂ ಹೊಲಸು ಮಾಡಿದ್ದಿಲ್ಲ. ಈಗ ಮೊದಲು ಬಾಗಿಲ ಮೂಲೆ, ಆಮೇಲೆ ಇಸ್ತ್ರಿ ಬಟ್ಟೆ, ಇವತ್ತು ಅತ್ತೆ ಬಸವಣ್ಣೆವ್ವನಿಗೆ ಅವರ ತಾಯಿ ಹೊಲಿದುಕೊಟ್ಟ ಕೌದಿ.

"ಹಿಂಗಾದ್ರ ಹ್ಯಾಂಗ ಬಾಳೇ ಮಾಡೂದವಾ?" ಬಸವಣ್ಣೆವ್ವ ಕೌದಿಯನ್ನು ಅಂಗಳಕ್ಕೆ ಎಸೆದರು. "ನಂದೀಶಾ, ನಾಳೆ ಕುರ್ತಕೋಟಿಗೆ ಹೊಂಟೀಯಲ್ಲ, ಇದನ್ನ ಚೀಲದಾಗ ಹಾಕ್ಕೊಂಡು ಹೋಗಿ ಹೊಲದಾಗ ಬಿಟ್ಟು ಬಾ."

ನಂದೀಶ ಹೆಂಡತಿಯ ಮುಖ ನೋಡದೆ, "ಆತವ್ವಾ," ಎಂದ.

ಅಂಕಿತಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಮಾಡಿ ಮುಗಿಸಿದ್ದಳು. ಉಸುಕು ಬದಲಿಸಿದಳು. ಸದ್ದು ಮಾಡುವ ವಾಷಿಂಗ್ ಮಷಿನ್ ಪಕ್ಕದಿಂದ ಟಬ್ಬನ್ನು ಪಡಸಾಲೆಗೆ ತಂದಳು. ವಾಸನೆಗೆ ಹೆದರೀತೆಂದು ನೆಲಕ್ಕೆ ಫಿನಾಯಿಲ್ ಹಾಕುವುದನ್ನು ನಿಲ್ಲಿಸಿದಳು. ಆದರೂ ಬೆಕ್ಕು ಟಬ್ಬಿನ ತನಕ ಹೋಗಿ, ಮೂಸಿ, ತಿರುಗಿ ಬರುತ್ತಿತ್ತು. ಹೊಸ ಮನೆಯ ಮೇಲಿನ ಸಿಟ್ಟು ತೀರಿಸಿಕೊಳ್ಳುತ್ತಿದೆ ಅನ್ನಿಸಿ ಆ ಸಂಜೆ ಅದನ್ನು ಬಚ್ಚಲಮನೆಯಲ್ಲಿ ಕೂಡಿಹಾಕಿದಳು. ಒಳಗಿನಿಂದ ಅದು ಒಂದೇ ಸಮನೆ ಕೂಗಿತು. ಅವಳು ಟಿವಿಯ ಧ್ವನಿ ಏರಿಸಿದಳು. ಮತ್ತೆ ಇಳಿಸಿದಳು. ಎದ್ದು ಹೋಗಿ ಬಾಗಿಲು ತೆರೆದಳು.

ಬೆಳಿಗ್ಗೆ ನಂದೀಶ ಚೀಲ ಹುಡುಕುತ್ತಿದ್ದಾಗ ಅಡುಗೆಮನೆಯಲ್ಲಿ ಅತ್ತೆ ಕೂಗಿದ್ದು ಕೇಳಿ ಅಂಕಿತಾ ಓಡಿದಳು. ಬಸವಣ್ಣೆವ್ವ ಕಸಬರಿಗೆ ಎತ್ತಿ ನಿಂತಿದ್ದರು. ಬಿಳಿ ಟೈಲ್ಸಿನ ಮೇಲೆ ಗುಂಡ್ಯಾ ಬೆನ್ನು ಬಾಗಿಸಿ ಕೂತಿತ್ತು. ಬಾಲ ನಡುಗುತ್ತಿತ್ತು. ತಿಣುಕಿ ತಿಣುಕಿ ಕೊನೆಗೆ ಬಿದ್ದದ್ದು ಒಂದೇ ಹನಿ, ಅದೂ ಕೆಂಪು. ಎರಡು ಹೆಜ್ಜೆ ಸರಿದು ಮತ್ತೆ ಕೂತಿತು. ಏನೂ ಬರಲಿಲ್ಲ.

ಕಸಬರಿಗೆ ಕೆಳಗಿಳಿಯಿತು.

"ಅಯ್ಯ ಶಿವನ! ಇದಕ್ಕ ಸೊಕ್ಕಲ್ಲವಾ, ಉಚ್ಚಿ ಬರವಲ್ದು," ಎಂದರು ಬಸವಣ್ಣೆವ್ವ. "ಹೋದ ಬ್ಯಾಸಗ್ಯಾಗ ನನಗ ಕಿಡ್ನ್ಯಾಗ ಹರಳಾದಾಗ ಹಿಂಗ ಆಗಿತ್ತು. ಕುಂತರೂ ಉರಿ, ನಿಂತರೂ ಉರಿ. ನಂದೀಶಾ, ಕುರ್ತಕೋಟಿ ಇರ್ಲಿ, ಜಲ್ದಿ ಆಟೋ ಕರಿ!"

ಆಟೋದಲ್ಲಿ ಅತ್ತೆಯ ಪಕ್ಕ ಕೂತು ಗದಗ ಮುಟ್ಟುವ ತನಕ ಅಂಕಿತಾ ಬೆಕ್ಕಿನ ಬುಟ್ಟಿಯ ಮುಚ್ಚಳವನ್ನು ಹತ್ತು ಸಲ ತೆರೆದು ನೋಡಿದಳು. ಪಶು ಆಸ್ಪತ್ರೆಯಲ್ಲಿ ವೀರೇಶ ಡಾಕ್ಟರು ಬೆಕ್ಕಿನ ಹೊಟ್ಟೆ ಒತ್ತಿ ನೋಡಿದವರೇ ಗಂಭೀರರಾದರು.

"ಉಚ್ಚಿ ಚೀಲ ತುಂಬಿ ಕಲ್ಲಿನಂಗ ಆಗೇತಿ, ದಾರಿ ಕಟ್ಟೇತ್ರಿ. ಗಂಡು ಬೆಕ್ಕಿಗೆ ಹಿಂಗಾದ್ರ ಒಂದ್ ದಿನಾನೂ ತಡೀಬಾರ್ದು, ಜೀವಕ್ಕ ಬರತೈತಿ."

"ಟಬ್ಬು ಯಾಕ ಬಿಡ್ತರೀ ಅದು?" ಅಂಕಿತಾ ಕೇಳಿದಳು.

"ಅದರಾಗ ಕುಂತಾಗೆಲ್ಲ ನೋವಾತಲ್ರಿ, ಟಬ್ಬಿಗೇ ಅಂಜೈತಿ. ಮೆತ್ತಗಿದ್ದಲ್ಲಿ, ತಂಪಿದ್ದಲ್ಲಿ ನೋವು ಕಮ್ಮಿ ಆದೀತು ಅಂತ ಹುಡುಕೈತಿ."

ಒಳಗೆ ಬೆಕ್ಕಿಗೆ ಮತ್ತು ಬರಿಸಿ ಉಚ್ಚೆಯ ದಾರಿಗೆ ಸಣ್ಣ ನಳಿಗೆ ಹಾಕುತ್ತಿದ್ದಾಗ ಅಂಕಿತಾ ಹೊರಗಿನ ಬೇವಿನ ಗಿಡದ ಸುತ್ತ ತಿರುಗಿದಳು. ಬಚ್ಚಲಿನಿಂದ ಬಂದ ಆ ಕೂಗು ಕಿವಿ ಬಿಡಲಿಲ್ಲ.

"ಕೂಡಿಹಾಕಿದೆ ನಾನು, ಅತ್ತೀ."

"ನಾ ಚೀಲದಾಗ ಹಾಕಿ ಬಿಟ್ಟು ಬಾ ಅಂದಿದ್ದೆ," ಎಂದರು ಬಸವಣ್ಣೆವ್ವ. "ಕುಂಡ್ರು ಬಾ, ಕಾಲು ಸೋತಾವು."

ಮಧ್ಯಾಹ್ನ ಡಾಕ್ಟರು ಹೊರಗೆ ಬಂದು, "ಉಚ್ಚಿ ಹರೀತ್ರಿ," ಎಂದರು. ಎರಡು ದಿನ ಅಲ್ಲೇ ಇಟ್ಟುಕೊಂಡು ಕಳಿಸಿಕೊಟ್ಟರು. ನೀರು ಹೆಚ್ಚು ಕುಡಿಸಿ, ಒಣ ಕಾಳಿನ ತಿನಿಸು ಕಮ್ಮಿ ಮಾಡಿ, ಮತ್ತೆ ಆಗಲೂಬಹುದು, ಕಣ್ಣಿಟ್ಟಿರಿ ಎಂದಿದ್ದರು.

ಮತ್ತೆ ಆಗಬಹುದೆಂಬ ಆ ಮಾತು ಅಂಕಿತಾಳನ್ನು ಬಿಡಲಿಲ್ಲ. ಹೊಸ ಟಬ್ಬು ತಂದಿಟ್ಟರೂ ಗುಂಡ್ಯಾ ಮೊದಲ ದಿನ ಅದರ ಪಕ್ಕದಲ್ಲೇ, ನೆಲದ ಮೇಲೆ ಹೊಯ್ದಿತು. ಯಾರೂ ಬೈಯಲಿಲ್ಲ. ಸೋಮವಾರ ಅವಳು ತಾನು ಮದುವೆ ಆಲ್ಬಮ್ ಮಾಡುವ ಸ್ಟುಡಿಯೋಕ್ಕೆ ಹೋದಳಾದರೂ ಕಂಪ್ಯೂಟರಿನ ಮುಂದೆ ಕೈ ಓಡಲಿಲ್ಲ. ಊಟದ ಹೊತ್ತಿಗೆ ಮನೆಯಿಂದ ಬಂದ ಫೋನನ್ನು ಮೊದಲ ರಿಂಗಿಗೇ ಎತ್ತಿದಳು.

"ಏನಾತ್ರಿ ಅತ್ತೀ?"

"ಮುಂಜಾನಿಂದ ಎರಡು ಸಲ ಹೋತು, ಉಸುಕಿನ್ಯಾಗ," ಎಂದರು ಬಸವಣ್ಣೆವ್ವ. "ಧಾರಾಳ ಹೋತು, ನಾ ನಿಂತು ನೋಡೀನಿ. ನೀ ಉಂಡೀಯೇನು?"